ಡ್ಯೂಕ್ ಒಡೆದ ಗ್ಲಾಸು

ಕಳೆದ ಮಳೆಗಾಲದ ಒಂದು ಶುಕ್ರವಾರ. ಆಫೀಸು ಮುಗಿಸಿ ಕಾರವಾರದಿಂದ ಶಿರಸಿ ಕಡೆ ಹೊರಟಿದ್ದೆ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವಾಗ ಮುಂದೆ ಎಲ್ಲೋ ಮರ ಬಿದ್ದಿದೆ ಅಂತ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ನೋಡಿ ಬಂದು "ಒಂದು ತಾಸು ಅಂದ್ಕೊಳ್ಳಿ" ಅಂದರು. ನಮ್ಮ ಕಡೆ ಒಂದು ತಾಸು ಅಂದರೆ ಎರಡು. ನೆಟ್‌ವರ್ಕ್ ಇಲ್ಲ, ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಕಾಣುವುದಿಲ್ಲ. ಬ್ಯಾಗಿನಿಂದ ಪುಸ್ತಕ ತೆಗೆದೆ.

ಪುಸ್ತಕ ಅಂದರೆ ಅದೇ. ಇಂಗ್ಲಿಷ್ ಹಿಸ್ಟಾರಿಕಲ್ ರೊಮ್ಯಾನ್ಸ್. ನಲವತ್ತೈದು ದಾಟಿದರೂ ಬಿಡಲಾಗದ ಚಟ. ಮುಖಪುಟದಲ್ಲಿ ಅಂಗಿಯ ಗುಂಡಿ ಅಷ್ಟೂ ಬಿಚ್ಚಿಕೊಂಡ ಗಂಡಸು, ಅವನ ತೋಳಿನ ಮೇಲೆ ಕತ್ತು ಹಿಂದಕ್ಕೆ ವಾಲಿದ ಹೆಣ್ಣು, ಹಿಂದೆ ಕೋಟೆ, ಕೋಟೆಯ ಹಿಂದೆ ಮಿಂಚು. ಕುಮಟಾದಲ್ಲಿ ಹತ್ತಿ ನನ್ನ ಪಕ್ಕ ಕೂತಿದ್ದ, ತಲೆ ತುಂಬ ಅಬ್ಬಲಿಗೆ ಮುಡಿದಿದ್ದ ಹೆಂಗಸೊಬ್ಬರು ಅದನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿಯೇ ಬಿಟ್ಟರು. "ಅದು ಚಳಿ ಊರಲ್ವಾ? ಗುಂಡಿ ಹಾಕ್ಕೊಳ್ಳೋಕೆ ಏನಾಗಿದೆ ಅವನಿಗೆ?"

"ಅವನಿಗೆ ಸಿಟ್ಟು ಜಾಸ್ತಿ" ಅಂದೆ.

"ಹೌದೌದು, ಸಿಟ್ಟಿನವ್ರಿಗೆ ಸೆಖೆ ಜಾಸ್ತಿ" ಅಂತ ತಲೆಯಾಡಿಸಿ ಅವರು ಕಣ್ಣು ಮುಚ್ಚಿದರು.

ನಾನು ಮಾತ್ರ ಪುಟ ತಿರುಗಿಸದೆ ಕೂತೆ. ಮೂವತ್ತು ವರ್ಷದಿಂದ ಈ ಸಿಟ್ಟಿನವನ ಹಿಂದೆ ಓಡಾಡುತ್ತಿದ್ದೇನೆ. ಹೆಸರು ಬದಲಾಗುತ್ತದೆ, ಪದವಿ ಬದಲಾಗುತ್ತದೆ. ಒಮ್ಮೆ ಡ್ಯೂಕ್, ಒಮ್ಮೆ ಅರ್ಲ್, ಒಮ್ಮೆ ಸ್ಕಾಟ್ಲೆಂಡಿನ ಗುಡ್ಡದ ಪಾಳೇಗಾರ, ಒಮ್ಮೆ ಹಡಗಿನ ಕಪ್ತಾನ. ಮನುಷ್ಯ ಮಾತ್ರ ಅವನೇ. ಅವಳು ಬೇರೆಯವನ ಜೊತೆ ಕುಣಿದರೆ ಇವನ ದವಡೆ ಬಿಗಿಯುತ್ತದೆ. ಅವಳ ಮಣಿಕಟ್ಟು ಹಿಡಿದು ತೋಟಕ್ಕೆ ಎಳೆದುಕೊಂಡು ಹೋಗುತ್ತಾನೆ. ನೀನು ನನ್ನವಳು ಅನ್ನುತ್ತಾನೆ. ಅವಳು ಹಾಗೆಲ್ಲ ಒಪ್ಪಿಯೇ ಇರುವುದಿಲ್ಲ, ಅದು ಬೇರೆ ಮಾತು. ಆಮೇಲೆ ಒಬ್ಬನೇ ಲೈಬ್ರರಿಗೆ ಹೋಗಿ ಬ್ರಾಂದಿ ಕುಡಿದು ಗ್ಲಾಸನ್ನು ಬೆಂಕಿಗೂಡಿಗೆ ಎಸೆಯುತ್ತಾನೆ. ಇದು ಸುಮಾರು ನೂರನೇ ಪುಟದ ಆಸುಪಾಸಿನಲ್ಲಿ ಆಗುತ್ತದೆ, ಬೇಕಾದರೆ ಎಣಿಸಿ ನೋಡಿ.

ಶುರುವಾದದ್ದು 1996ರಲ್ಲಿ, ಶಿರಸಿಯಲ್ಲಿ ಪಿಯುಸಿ ಓದುವಾಗ. ಬಾಡಿಗೆಗೆ ಪುಸ್ತಕ ಕೊಡುವ ಒಂದು ಪುಟ್ಟ ಅಂಗಡಿ ಇತ್ತು. ಕನ್ನಡದ ಧಾರಾವಾಹಿ ಕಾದಂಬರಿಗಳನ್ನೆಲ್ಲ ಮುಗಿಸಿಯಾಗಿತ್ತು. ಅವುಗಳಲ್ಲೂ ಒಬ್ಬ ಸಿಡುಕ ಇದ್ದೇ ಇರುತ್ತಿದ್ದ, ಕಾಫಿ ಎಸ್ಟೇಟಿನ ಒಡೆಯ, ಜೀಪು ಓಡಿಸುವವ. ಆದರೆ ಅವನು ನಾಯಕಿಯ ಕೈ ಮುಟ್ಟುವ ಹೊತ್ತಿಗೆ ಕಂತು ಮುಗಿಯುತ್ತಿತ್ತು. ಹಾಗಾಗಿ ಇಂಗ್ಲಿಷ್ ಕಪಾಟಿಗೆ ಕೈ ಹಾಕಿದೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಕೆಮಿಸ್ಟ್ರಿ ಪುಸ್ತಕದ ಒಳಗೆ ಇದನ್ನಿಟ್ಟುಕೊಂಡು ಓದುತ್ತಿದ್ದೆ. ನಾಯಕನನ್ನು ಎಲ್ಲರೂ 'ರೇಕ್' ಅಂತ ಕರೆಯುತ್ತಿದ್ದರು. ಡಿಕ್ಷನರಿ ತೆಗೆದೆ. ಒಣ ಎಲೆ ಗುಡ್ಡೆ ಹಾಕುವ ಹಲ್ಲಿನ ಕೋಲು ಅಂತ ಇತ್ತು. ನಮ್ಮ ಬೆಟ್ಟದಲ್ಲಿ ದರಕು ಗುಡಿಸುವವರು ಇರುತ್ತಾರಲ್ಲ, ಇವನೂ ಅಂಥ ಕೆಲಸ ಮಾಡಿ ಮೇಲೆ ಬಂದವನಿರಬೇಕು, ಅದಕ್ಕೇ ಇಷ್ಟು ಒರಟು ಅಂದುಕೊಂಡೆ. ಲಂಪಟ ಅನ್ನುವ ಎರಡನೇ ಅರ್ಥ ಕಣ್ಣಿಗೆ ಬೀಳುವಷ್ಟರಲ್ಲಿ ಮೂರು ಕಾದಂಬರಿ ಮುಗಿದಿತ್ತು.

ಅಡಿಕೆ ಸುಲಿಯುವ ಕಾಲ. ರಾತ್ರಿ ಊಟ ಆದ ಮೇಲೆ ಜಗುಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಿದ್ದರು. ಅಮ್ಮಮ್ಮ ನನ್ನ ಪುಸ್ತಕ ನೋಡಿ "ಎಂತಾ ಓದ್ತಾ ಇದ್ದೆ ಕೂಸೆ? ಯಂಗೂ ಹೇಳು" ಅನ್ನುತ್ತಿದ್ದಳು. ಕೈ ಅದರಷ್ಟಕ್ಕೆ ಅಡಿಕೆ ಸುಲಿಯುತ್ತಿತ್ತು, ಕಿವಿ ನನ್ನ ಕಡೆ. ನಾನು ಹೇಳಬಾರದ್ದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತಿದ್ದೆ. ಡ್ಯೂಕನಿಗೆ ಸಿಟ್ಟು ಬಂದು ಗ್ಲಾಸು ಎಸೆದ, ಚೂರು ಚೂರಾಯ್ತು, ಆಮೇಲೆ ಅವನ ಕಣ್ಣಲ್ಲಿ ನೀರು, ಅವನಿಗೆ ಚಿಕ್ಕಂದಿನಲ್ಲೇ ತಾಯಿ ಇಲ್ಲ, ಅಂತೆಲ್ಲ. ಕಥೆ ಹೇಳುವ ಹುಮ್ಮಸ್ಸಿನಲ್ಲಿ ನನ್ನ ಗಂಟಲೂ ಕಟ್ಟಿತ್ತು.

ಅಮ್ಮಮ್ಮ ಕೇಳಿದಳು. "ಆ ಗ್ಲಾಸಿನ ಚೂರು ಯಾರು ಗುಡ್ಸಿದ್ದು?"

ನಾನು ಪುಟ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬರೆದಿರಲಿಲ್ಲ. ಮುಂದಿನ ಅಧ್ಯಾಯದಲ್ಲಿ ಅದೇ ಕೋಣೆಯಲ್ಲಿ ನಾಯಕಿ ಬರಿಗಾಲಲ್ಲಿ ಓಡಾಡುತ್ತಾಳೆ, ಕಾಲಿಗೆ ಏನೂ ಚುಚ್ಚುವುದಿಲ್ಲ. ಯಾರೋ ಬೆಳಿಗ್ಗೆ ಎದ್ದು ಗುಡಿಸಿರಬೇಕು. ಅಮ್ಮಮ್ಮ ಮತ್ತೇನೂ ಹೇಳಲಿಲ್ಲ. ಬುಟ್ಟಿ ತುಂಬಿತ್ತು, ಇನ್ನೊಂದು ಎಳೆದುಕೊಂಡಳು.

ಈ ಸಿಡುಕ ಎಲ್ಲಿಂದ ಬಂದ ಅಂತ ಆಮೇಲೆ ನಾನು ಹಿಂದೆ ಹಿಂದೆ ಹೋಗಿ ಓದಿದ್ದೇನೆ. ಎಲ್ಲರೂ ಬೆರಳು ತೋರಿಸುವುದು ಲಾರ್ಡ್ ಬೈರನ್ ಕಡೆಗೆ. ಕವಿ, ಚೆಲುವ, ಹುಚ್ಚು ಸಿಟ್ಟಿನವ, ಒಳಗೊಳಗೇ ಕೊರಗುವವ. 1814ರಲ್ಲಿ ಅವನ ಕಡಲ್ಗಳ್ಳನ ಕಾವ್ಯ ಬಿಡುಗಡೆಯಾದ ದಿನವೇ ಹತ್ತು ಸಾವಿರ ಪ್ರತಿ ಖರ್ಚಾಯಿತು. ಇಂದಿಗೂ ರೊಮ್ಯಾನ್ಸ್ ಕಾದಂಬರಿಗಳ ಡ್ಯೂಕುಗಳೆಲ್ಲ ಅವನ ಗೋತ್ರದವರೇ. ಆದರೆ ಆ ಗೋತ್ರಪುರುಷನ ಸಂಸಾರದ ಕಥೆಯನ್ನು ಯಾರೂ ಕಾದಂಬರಿಯ ಹಿಂಬದಿಯಲ್ಲಿ ಅಚ್ಚು ಹಾಕುವುದಿಲ್ಲ. 1815ರ ಜನವರಿಯಲ್ಲಿ ಆನ್ನಬೆಲ್ಲಾ ಅನ್ನುವ ಹುಡುಗಿಯನ್ನು ಮದುವೆಯಾದ. ಲೆಕ್ಕದಲ್ಲಿ ಬಹಳ ಜಾಣೆ ಅವಳು. ಹೆಚ್ಚುಕಮ್ಮಿ ಒಂದು ವರ್ಷಕ್ಕೆ, 1816ರ ಜನವರಿಯಲ್ಲಿ, ಐದು ವಾರದ ಹೆಣ್ಣುಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ತಿರುಗಿ ಬರಲಿಲ್ಲ. ಆ ಮಗುವೇ ಮುಂದೆ ಅಡಾ ಲವ್‌ಲೇಸ್, ಕಂಪ್ಯೂಟರ್ ಚರಿತ್ರೆಯಲ್ಲಿ ಹೆಸರು ಬರುತ್ತದಲ್ಲ, ಅವಳೇ. ಬೈರನ್ ಅದೇ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಬಿಟ್ಟ, ಜೀವ ಇರುವ ತನಕ ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಸಿಡುಕನ ಮಾದರಿ ಯಾವನಿಂದ ಬಂತೋ ಅವನ ಹೆಂಡತಿಯೇ ಅವನನ್ನು ತಿದ್ದಲು ಕೂರಲಿಲ್ಲ. ಮಗು ಎತ್ತಿಕೊಂಡು ಗಾಡಿ ಹತ್ತಿದಳು.

1847ರಲ್ಲಿ ಬ್ರಾಂಟಿ ಅಕ್ಕತಂಗಿಯರ ಎರಡು ಕಾದಂಬರಿ ಬಂದವು. ಈ ಜಾತಿಯ ನಾಯಕರನ್ನು ಹೊಗಳುವವರೆಲ್ಲ ಅವೆರಡರ ಹೆಸರು ಹೇಳುತ್ತಾರೆ. ನನಗೆ ಅನುಮಾನ, ಹಾಗೆ ಹೇಳುವವರು ಪೂರ್ತಿ ಓದಿರುತ್ತಾರಾ ಅಂತ. ಷಾರ್ಲಟ್ ಬರೆದ ಜೇನ್ ಐರ್‌ನಲ್ಲಿ ಆ ಹುಡುಗಿ, ಮನೆಪಾಠ ಹೇಳಿ ಹೊಟ್ಟೆ ಹೊರೆಯುವವಳು, ಯಜಮಾನನ ಮೊದಲ ಹೆಂಡತಿ ಅಟ್ಟದ ಮೇಲೆ ಬಂದಿಯಾಗಿದ್ದಾಳೆ ಅಂತ ಗೊತ್ತಾದ ಕೂಡಲೇ ಮನೆ ಬಿಟ್ಟು ಹೋಗುತ್ತಾಳೆ. ವಾಪಸು ಬರುವುದು ಕೈಯಲ್ಲಿ ಸ್ವಂತ ದುಡ್ಡು ಬಂದ ಮೇಲೆ, ಅವನು ಕಣ್ಣು ಕಳೆದುಕೊಂಡ ಮೇಲೆ. ಎಮಿಲಿಯ ವುದರಿಂಗ್ ಹೈಟ್ಸ್‌ನ ಹೀತ್‌ಕ್ಲಿಫ್ ಅಂತೂ ನಾಯಕನೇ ಅಲ್ಲ. ಓಡಿಸಿಕೊಂಡು ಹೋಗಿ ಮದುವೆಯಾದ ಹುಡುಗಿಯ ನಾಯಿಮರಿಯನ್ನು ಹೊರಡುವ ರಾತ್ರಿಯೇ ನೇಣಿಗೆ ಹಾಕುತ್ತಾನೆ. ಇವಳು ನನ್ನನ್ನು ಪ್ರೇಮಕಥೆಯ ನಾಯಕ ಅಂದುಕೊಂಡು ಬಂದಳು ಅಂತ ಅವಳ ಎದುರೇ ಆಡಿಕೊಳ್ಳುತ್ತಾನೆ. ಎಮಿಲಿ ಇಷ್ಟು ಬಿಡಿಸಿ ಬರೆದಿಟ್ಟರೂ ನಾವು ಅವನನ್ನು ಎತ್ತಿಕೊಂಡು ಹೋಗಿ ಮುಖಪುಟದ ಮೇಲೆ ನಿಲ್ಲಿಸಿದೆವು.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಇನ್ನೂ ಕೆಟ್ಟದ್ದು. 1919ರಲ್ಲಿ ಇ. ಎಂ. ಹಲ್ ಬರೆದ ಮರಳುಗಾಡಿನ ಶೇಖ್‌ನ ಕಥೆ, 1972ರಲ್ಲಿ ಕ್ಯಾಥಲೀನ್ ವುಡಿವಿಸ್ ಬರೆದ ದಪ್ಪ ಕಾದಂಬರಿ, ಎರಡರಲ್ಲೂ ನಾಯಕ ಮೊದಲು ಮಾಡುವುದು ಬಲಾತ್ಕಾರ. ಪ್ರೀತಿ ಆಮೇಲೆ. ಎರಡನ್ನೂ ಬರೆದವರು ಹೆಂಗಸರು, ಮುಗಿಬಿದ್ದು ಓದಿದವರೂ ಹೆಂಗಸರು. ಎರಡನೆಯದು ನಾನೂ ಓದಿದ್ದೇನೆ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದೇ ರಾತ್ರಿಯಲ್ಲಿ. ಸುಳ್ಳು ಹೇಳಿ ಏನು ಮಾಡಲಿ, ಆಗ ನನಗೆ ಅದು ಬಲಾತ್ಕಾರ ಅಂತ ಅನ್ನಿಸಿರಲಿಲ್ಲ. ಇವಳು ಬೀದಿಯ ಹೆಣ್ಣು ಅಂತ ಅವನಿಗೆ ತಪ್ಪು ತಿಳುವಳಿಕೆ ಆಗಿತ್ತಲ್ಲ ಅಂತ ಅವನ ಪರವಾಗಿ ನಾನೇ ವಕೀಲಿಕೆ ಮಾಡಿದ್ದೆ. ಬೀದಿಯ ಹೆಣ್ಣಾಗಿದ್ದರೆ ಸರಿಯಾ ಅಂತ ಕೇಳಿಕೊಳ್ಳಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

ಯಾಕೆ ಅಷ್ಟು ಇಷ್ಟವಾಗುತ್ತಿತ್ತು? ಇದನ್ನು ಸ್ವಲ್ಪ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಮನೆಯ ಗಂಡಸರು ಯಾರೂ ಬಾಯಿಬಿಟ್ಟು ಏನೂ ಹೇಳುವವರಲ್ಲ. ಅಪ್ಪಯ್ಯನ ಬಾಯಲ್ಲಿ ಅತಿ ದೊಡ್ಡ ಮೆಚ್ಚುಗೆ ಅಂದರೆ "ಅಡ್ಡಿಲ್ಲೆ". ಪಾಯಸಕ್ಕೂ ಅಡ್ಡಿಲ್ಲೆ, ಮಗಳ ಫಸ್ಟ್ ಕ್ಲಾಸಿಗೂ ಅಡ್ಡಿಲ್ಲೆ. ಮೂರು ಹೊತ್ತು ಊಟಕ್ಕೆ ಹದಿನಾಲ್ಕು ಜನ ಕೂರುವ ಮನೆಯಲ್ಲಿ ಒಂದು ಹುಡುಗಿ ಅರ್ಧ ದಿನ ಕಾಣದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಬಣ್ಣ ನೋಡಿ, ಜಾತಕ ಹಿಡಿದುಕೊಂಡು ಹೋಗಿ, ಹದಿನೈದು ದಿನ ಬಿಟ್ಟು ಇನ್ಯಾರದೋ ಮೂಲಕ ಬೇಡ ಅಂತ ಹೇಳಿ ಕಳಿಸುತ್ತಿದ್ದರು. ಅಂಥ ಹುಡುಗಿಯ ಕೈಗೆ, ಇನ್ನೂರು ಜನ ತುಂಬಿದ ಕುಣಿತದ ಹಾಲ್‌ನಲ್ಲಿ ಒಬ್ಬಳನ್ನೇ ನೋಡುತ್ತಾ, ಅವಳು ಯಾರ ಜೊತೆ ಮಾತಾಡಿದಳು ಅಂತ ಉರಿದು ಬೀಳುವ ಒಬ್ಬ ಗಂಡಸನ್ನು ಕೊಟ್ಟರೆ ಏನಾಗುತ್ತದೆ? ಅವನ ಸಿಟ್ಟು ನನಗೆ ಸಿಟ್ಟಾಗಿ ಕಂಡಿರಲಿಲ್ಲ. ಗಮನವಾಗಿ ಕಂಡಿತ್ತು.

ಇದರ ಜೊತೆ ಇನ್ನೊಂದು ಸಂಗತಿ ಇದೆ. ಪುಸ್ತಕದ ಡ್ಯೂಕ್ ಎಷ್ಟೇ ಅರಚಿದರೂ ಕೊನೆಗೆ ಮಣಿಯುತ್ತಾನೆ ಅಂತ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಅದು ಈ ಬಗೆಯ ಕಥೆಯ ಕರಾರು. ಅವನಿಂದ ನನಗೆ ಏನೂ ಆಗುವುದಿಲ್ಲ, ಸಾಕು ಅನ್ನಿಸಿದರೆ ಪುಸ್ತಕ ಮುಚ್ಚಿ ದನಕ್ಕೆ ಅಕ್ಕಚ್ಚು ಕೊಡಲು ಹೋಗಬಹುದು.

ಆ ಕಾಲದ ಇಂಗ್ಲೆಂಡಿನ ಕಾನೂನು ಓದಿದಾಗ ನನಗೆ ಈ ಕರಾರಿನ ಒಳಗುಟ್ಟು ಸ್ವಲ್ಪ ಅರ್ಥವಾಯಿತು. ಇಂಥ ಕಾದಂಬರಿಗಳಲ್ಲಿ ತುಂಬಾ ನಡೆಯುವುದು ರೀಜೆನ್ಸಿ ಕಾಲದಲ್ಲಿ, ಅಂದರೆ 1811ರಿಂದ 1820ರ ತನಕ. ಮದುವೆಯಾದ ಹೆಂಗಸಿಗೆ ಕಾನೂನಿನಲ್ಲಿ ಬೇರೆ ಅಸ್ತಿತ್ವವೇ ಇಲ್ಲ. ಅವಳ ದುಡ್ಡು ಅವನದು, ಅವಳು ದುಡಿದದ್ದು ಅವನದು, ಮಕ್ಕಳು ಅವನವು. 1857ರ ತನಕ ಪೂರ್ತಿ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಕಾಯ್ದೆಯೇ ಪಾಸಾಗಬೇಕು. 1857ರ ನಂತರವೂ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು, ಹೆಂಡತಿ ಅದರ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ತೋರಿಸಬೇಕು. ಇಬ್ಬರಿಗೂ ಒಂದೇ ಅಳತೆ ಬಂದದ್ದು 1923ರಲ್ಲಿ. ಹೆಂಡತಿಯನ್ನು ಗಂಡ ಮನೆಯಲ್ಲಿ ಕೂಡಿಹಾಕಬಹುದು ಅಂತ 1840ರಲ್ಲಿ ಒಬ್ಬ ನ್ಯಾಯಾಧೀಶರು ತೀರ್ಪೇ ಕೊಟ್ಟಿದ್ದರು. ಹಾಗೆ ಮಾಡುವಂತಿಲ್ಲ ಅಂತ ಆದದ್ದು 1891ರಲ್ಲಿ. ಗಂಡ ಮಾಡಿದ ಬಲಾತ್ಕಾರವೂ ಅಪರಾಧ ಅಂತ ಅಲ್ಲಿಯ ಅತ್ಯುನ್ನತ ನ್ಯಾಯಪೀಠ ಹೇಳಿದ್ದು 1991ರಲ್ಲಿ, ಆಗ ನಾನು ಹೈಸ್ಕೂಲಿನ ಹೊಸ್ತಿಲಲ್ಲಿದ್ದೆ. ನಮ್ಮ ದೇಶದ ಹೊಸ ನ್ಯಾಯ ಸಂಹಿತೆಯಲ್ಲಿ ಗಂಡನಿಗೆ ಆ ವಿನಾಯಿತಿ ಈಗಲೂ ಉಳಿದಿದೆ, ಹಾಗಾಗಿ ಇಂಗ್ಲೆಂಡನ್ನು ನೋಡಿ ನಗುವ ಹಾಗಿಲ್ಲ.

ಈಗ ಆ ಡ್ಯೂಕನ ಹೆಂಡತಿಯ ಜಾಗದಲ್ಲಿ ನಿಂತು ನೋಡಿ. ಅವನು ಕೆಟ್ಟವನೇ ಆಗಿ ಉಳಿದರೆ ಅವಳಿಗೆ ಬಾಗಿಲೇ ಇಲ್ಲ. ಕೋರ್ಟಿಲ್ಲ, ದುಡ್ಡಿಲ್ಲ, ಮಗು ತನ್ನದಲ್ಲ. ಅವಳು ಉಳಿಯುವುದು ಒಂದೇ ದಾರಿಯಲ್ಲಿ, ಅವನ ಮನಸ್ಸು ಬದಲಾಗಬೇಕು. ಅದಕ್ಕೇ ಲೇಖಕಿ ಮುನ್ನೂರು ಪುಟ ಖರ್ಚು ಮಾಡಿ ಅವನ ಮನಸ್ಸನ್ನು ಕುಕ್ಕರಿನಲ್ಲಿಟ್ಟು ಬೇಯಿಸುತ್ತಾಳೆ. ಕಾನೂನು ಕೊಡದೇ ಇದ್ದದ್ದನ್ನು ಕಥೆಯಲ್ಲಿ ಕೊಡಿಸುತ್ತಾಳೆ. ಅಷ್ಟು ದೊಡ್ಡ ಮನುಷ್ಯ ಮಂಡಿಯೂರಿ ತಪ್ಪಾಯ್ತು ಅನ್ನುವ ಕೊನೆಯ ಅಧ್ಯಾಯ ಇದೆಯಲ್ಲ, ಅದನ್ನು ನಾನು ಈಗಲೂ ಎರಡು ಸಲ ಓದುತ್ತೇನೆ. ಇದನ್ನು ಸುಮ್ನೆ ಕಸ ಅಂತ ಎತ್ತಿ ಹಾಕುವವರ ಜೊತೆ ನನಗೆ ಜಗಳ ಇದೆ. (ಇನ್ನೊಂದು ಜಗಳ ಲೇಖಕಿಯರ ಜೊತೆ. ಆ ಕಾಲದಲ್ಲಿ ರಾಜಮನೆತನ ಬಿಟ್ಟರೆ ಡ್ಯೂಕುಗಳು ಇದ್ದದ್ದೇ ಮೂವತ್ತರ ಆಸುಪಾಸು, ಅವರಲ್ಲೂ ಎಷ್ಟೋ ಜನ ಮುದುಕರು. ನಾನೊಬ್ಬಳೇ ಇನ್ನೂರು ಡ್ಯೂಕುಗಳ ಮದುವೆಗೆ ಹೋಗಿ ಬಂದಿದ್ದೇನೆ.)

ನಮ್ಮ ಕಡೆಯವರಿಗೆ ಈ ಮನುಷ್ಯ ಹೊಸಬನೂ ಅಲ್ಲ. ಅವನ ಹೆಸರು ಕೀಚಕ.

ನಾನು ಹತ್ತು ಹನ್ನೊಂದು ವರ್ಷದವಳಿದ್ದಾಗ ಗದ್ದೆ ಬಯಲಿನಲ್ಲಿ ಯಕ್ಷಗಾನದ ಆಟ. ಕಂಬಳಿ ಹಾಸಿಕೊಂಡು ಅಮ್ಮಮ್ಮನ ಪಕ್ಕ ಕೂತಿದ್ದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ. ಅವರನ್ನು ನೋಡದವರಿಗೆ ಹೇಗೆ ಹೇಳುವುದು? ಸೈರಂಧ್ರಿಯನ್ನು ಮೊದಲು ಕಂಡ ಆ ಗಳಿಗೆ. ಅಲ್ಲಿಯ ತನಕ ಹಾರಿ ಹಾರಿ ಕುಣಿದ ಕಾಲು ನಿಂತುಬಿಡುತ್ತದೆ. ಮೊದಲು ಕಣ್ಣು, ಆಮೇಲೆ ಹುಬ್ಬು, ಆಮೇಲೆ ಗಲ್ಲ, ಒಂದೊಂದೇ ಅವಳ ಕಡೆ ಹೊರಡುತ್ತವೆ. ಚಂಡೆ ನಿಂತು ಮದ್ದಲೆ ಮಾತ್ರ ಮೆಲ್ಲಗೆ. ನಿದ್ದೆ ಹೊಡೆಯುತ್ತಿದ್ದವರೆಲ್ಲ ಎದ್ದು ಕೂತರು. ಊರಿಗೆ ಊರೇ ಬಂದದ್ದು ಆ ಕೀಚಕನನ್ನು ನೋಡಲು, ಭೀಮನನ್ನಲ್ಲ. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ 2012ರಲ್ಲಿ ಅವರಿಗೇ ಬಂತು. 2017ರಲ್ಲಿ ಅವರು ಹೋದಾಗ ನನಗೆ ಮೊದಲು ನೆನಪಾದದ್ದು ಆ ನಿಂತ ಕಾಲು.

ಡ್ಯೂಕನ ಪುಸ್ತಕ ಓದುವಾಗ ಎಷ್ಟೋ ಸಲ ಅನ್ನಿಸಿದೆ, ಇದು ಅದೇ ಪ್ರಸಂಗ ಅಂತ. ಅವನು ರಾಣಿಯ ತಮ್ಮ, ಸೇನಾಪತಿ. ಅವಳು ಅರಮನೆಯಲ್ಲಿ ತಲೆ ಬಾಚುವ ಕೆಲಸದವಳು. ಇಂಗ್ಲಿಷ್ ಕಥೆಯಲ್ಲಿ ಮನೆಪಾಠದ ಹುಡುಗಿ ಮತ್ತು ಯಜಮಾನ ಇದ್ದ ಹಾಗೆ. ನೀನಿಲ್ಲದೆ ಬದುಕಲಾರೆ ಅನ್ನುತ್ತಾನೆ, ಬೇಡ ಅಂದರೆ ಕೈ ಹಿಡಿದು ಎಳೆಯುತ್ತಾನೆ, ಓಡಿಹೋದರೆ ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ರಾಜ ಸುಮ್ಮನೆ ಕೂರುತ್ತಾನೆ. ವೇಷ ಮರೆಸಿಕೊಂಡ ಧರ್ಮರಾಯ, ಅಂದರೆ ಅವಳ ಸ್ವಂತ ಗಂಡ, ಅವನೂ ಕೂರುತ್ತಾನೆ. ಅವಳು ಆ ರಾತ್ರಿ ಹೋಗುವುದು ಕೀಚಕನಿಗೆ ಬುದ್ಧಿ ಹೇಳಿ ತಿದ್ದುವುದಕ್ಕಲ್ಲ. ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಮರುದಿನ ರಾತ್ರಿ ನಾಟ್ಯಶಾಲೆಯ ಕತ್ತಲಲ್ಲಿ ಭೀಮ ಅವನ ಕೈಕಾಲು ತಲೆ ಎಲ್ಲ ಒಳಕ್ಕೆ ತುರುಕಿ ಮುದ್ದೆ ಮಾಡುತ್ತಾನೆ. ಬೆಳಗಿನ ಜಾವದ ಚಂಡೆ. ಕೀಚಕ ಸೈರಂಧ್ರಿಯನ್ನು ನೋಡಿದಾಗ ಬಾಯಿ ತೆರೆದು ಕೂತಿದ್ದ ಅದೇ ಹೆಂಗಸರು ಈಗ ಸೆರಗು ಕೊಡವಿ ಎದ್ದು, ಚೊಲೋ ಆಯ್ತು ಅಂತ ಮನೆ ದಾರಿ ಹಿಡಿದರು.

ದಾರಿಯಲ್ಲಿ ನನಗೆ ಕೀಚಕ ಸತ್ತದ್ದಕ್ಕೆ ಅಳು. ಅಮ್ಮಮ್ಮ ನನ್ನನ್ನು ಚೌಕಿಯ, ಅಂದರೆ ವೇಷ ಕಟ್ಟುವ ಬಿಡಾರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಕೀಚಕ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಸೈರಂಧ್ರಿ ಪಕ್ಕದಲ್ಲೇ ಕೂತು ಸೀರೆ ಮೇಲಕ್ಕೆ ಕಟ್ಟಿಕೊಂಡು ಕವಳ ಹಾಕುತ್ತಿದ್ದ. ಹೌದು, ಗಂಡಸು. ಆಗ ನಮ್ಮ ಮೇಳಗಳಲ್ಲಿ ಸ್ತ್ರೀವೇಷ ಗಂಡಸರದ್ದೇ. ಸುಣ್ಣದ ಡಬ್ಬಿ ಕೀಚಕನ ಕಡೆ ಜಾರಿಸಿದ. ನನ್ನ ಅಳು ಅಲ್ಲೇ ನಿಂತಿತು.

ಡ್ಯೂಕನ ಚೌಕಿಯನ್ನು ನನಗೆ ಯಾರೂ ತೋರಿಸಲಿಲ್ಲ. ಅದರ ಪರಿಣಾಮ ನನ್ನ ಮೇಲಲ್ಲ, ನನ್ನ ಗೆಳತಿಯ ಮೇಲೆ ಆಯಿತು. ಇದನ್ನು ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ.

2004ನೇ ಇಸವಿ. ಇಬ್ಬರಿಗೂ ಕಾರವಾರದಲ್ಲಿ ಮೊದಲ ಕೆಲಸ, ಒಂದೇ ರೂಮು. ಅವಳಿಗೆ ನಿಶ್ಚಿತಾರ್ಥ ಆಗಿತ್ತು. ಹುಡುಗ ಹುಬ್ಬಳ್ಳಿಯಲ್ಲಿ. ಮೊಬೈಲಿಗೆ ಇನ್‌ಕಮಿಂಗ್ ಫ್ರೀ ಆಗಿ ಒಂದು ವರ್ಷವಾಗಿತ್ತು, ಅವನು ದಿನಕ್ಕೆ ಹತ್ತು ಸಲ ಮಾಡುತ್ತಿದ್ದ. ಎಲ್ಲಿದ್ದೀಯಾ, ಯಾರ ಜೊತೆ, ಹಿಂದೆ ಯಾರದು ಗಂಡಸಿನ ಧ್ವನಿ? ಹಿಂದೆ ಟಿವಿ. ನಮಗೆಲ್ಲ ಅವಳ ಮೇಲೆ ಹೊಟ್ಟೆಕಿಚ್ಚು. "ಎಷ್ಟು ಪ್ರೀತಿ ನೋಡೇ ಅವಂದು" ಅಂತ ಎಲ್ಲರಿಗಿಂತ ಹೆಚ್ಚು ಹೇಳಿದವಳು ನಾನು. ಒಂದು ಭಾನುವಾರ ಆಫೀಸಿನವರ ಜೊತೆ ದೋಣಿಯಲ್ಲಿ ದೇವಬಾಗಕ್ಕೆ ಹೋಗಿದ್ದಳು. ಅಲ್ಲಿ ಸಿಗ್ನಲ್ ಇರಲಿಲ್ಲ. ಇಪ್ಪತ್ತೇಳು ಮಿಸ್ಡ್ ಕಾಲ್.

ಮುಂದಿನ ವಾರ ಅವನು ಬಂದ. ಕಾರವಾರ ಬಸ್‌ಸ್ಟ್ಯಾಂಡಿನಲ್ಲಿ, ಎಳನೀರು ಮಾರುವವನ ಪಕ್ಕ ನಿಂತು, ಅವಳ ಕೈಯಿಂದ ನೋಕಿಯಾ ತೆಗೆದುಕೊಂಡು ಒಂದೊಂದೇ ನಂಬರ್ ಯಾರದು ಅಂತ ಕೇಳಿದ. ಒಂದು ಗ್ಯಾಸ್ ಏಜೆನ್ಸಿಯದ್ದು. ಇಷ್ಟು ಸಲ ಗ್ಯಾಸಿನವನಿಗೆ ಯಾಕೆ ಮಾಡ್ತೀಯಾ ಅಂದ. ಅವಳಿಗೆ ನಗು ಬಂತು. ಅವನು ಫೋನನ್ನು ನೆಲಕ್ಕೆ ಎಸೆದ. ಹಿಂದಿನ ಕವರ್ ಒಂದು ಕಡೆ, ಬ್ಯಾಟರಿ ಒಂದು ಕಡೆ, ಫೋನು ಬಸ್ಸಿನ ಚಕ್ರದ ಹತ್ತಿರ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತಂತೆ. ನಿನ್ನನ್ನು ಕಳ್ಕೊಳ್ಳೋ ಭಯ ಅಂದನಂತೆ.

ಸಂಜೆ ರೂಮಿಗೆ ಬಂದು ಹಾಸಿಗೆಯ ಮೇಲೆ ಮೂರು ತುಂಡು ಇಟ್ಟುಕೊಂಡು ಕೂತಿದ್ದಳು. ಜೋಡಿಸಿ ಒತ್ತಿದರೆ ಆನ್ ಆಯಿತು, ನೋಕಿಯಾ ಅಲ್ವಾ. ನಾನು ಪಕ್ಕದಲ್ಲಿ ಕೂತು ಸಮಾಧಾನ ಹೇಳಿದೆ. ಏನು ಹೇಳಿದೆ ಅಂತ ಅಕ್ಷರ ಅಕ್ಷರ ನೆನಪಿದೆ, ಅದೇ ಮುಜುಗರ. ಅವನಿಗೆ ಚಿಕ್ಕಂದಿನಲ್ಲೇ ತಾಯಿ ಹೋಗಿದ್ದಾರೆ, ಪ್ರೀತಿ ಸಿಕ್ಕಿಲ್ಲ, ಅದಕ್ಕೇ ಹೀಗೆ. ಮದುವೆ ಆದ ಮೇಲೆ ಸರಿ ಹೋಗ್ತಾನೆ. ಒಳಗೆ ಎಷ್ಟು ಮೆತ್ತಗಿದ್ದಾನೆ ನೋಡು, ಅತ್ತನಲ್ಲ. ಅವನ ಬಗ್ಗೆ ನನಗೇನೂ ಗೊತ್ತಿರಲಿಲ್ಲ, ಎರಡು ಸಲ ನೋಡಿದ್ದೆ ಅಷ್ಟೇ. ನಾನು ಹೇಳುತ್ತಿದ್ದದ್ದು ಯಾವುದೋ ಪುಸ್ತಕದ ಇನ್ನೂರ ಹನ್ನೆರಡನೇ ಪುಟ.

ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಹೇಳಿದಳು. "ಬಸ್‌ಸ್ಟ್ಯಾಂಡಲ್ಲಿ ಅಷ್ಟು ಜನರ ಎದುರು ಬಗ್ಗಿ ಬ್ಯಾಟರಿ ಹೆಕ್ಕಿದ್ದು ನಾನು ಕಣೇ. ಅವನು ಅಳ್ತಾ ನಿಂತಿದ್ದ."

ಮೂರು ವಾರಕ್ಕೆ ಅವಳ ಅಪ್ಪ ಹೋಗಿ ಉಂಗುರ ವಾಪಸು ಕೊಟ್ಟು ಬಂದರು. ಅವಳಿಗೆ ಬಾಗಿಲು ಇತ್ತು. ಕೆಲಸ ಇತ್ತು, ಸಂಬಳ ಇತ್ತು, ಮಗಳ ಮಾತು ನಂಬುವ ಅಪ್ಪ ಇದ್ದರು. ನಾನು ಮಾತ್ರ 1815ರ ಇಂಗ್ಲೆಂಡಿನಲ್ಲಿ ನಿಂತು, ಬಾಗಿಲೇ ಇಲ್ಲದವಳಿಗೆ ಹೇಳುವ ಬುದ್ಧಿಯನ್ನು ಅವಳಿಗೆ ಹೇಳಿದ್ದೆ.

ಜಾನಿಸ್ ರ‍್ಯಾಡ್‌ವೇ ಅನ್ನುವ ಅಮೆರಿಕದ ಪ್ರೊಫೆಸರ್ ಒಬ್ಬರು 1984ರಲ್ಲಿ ಇದರ ಮೇಲೆ ಒಂದು ಪುಸ್ತಕ ಬರೆದಿದ್ದಾರೆ. ಒಂದು ಊರಿನ ಪುಸ್ತಕದಂಗಡಿಗೆ ಬರುವ ಹೆಂಗಸರನ್ನು ಕೂರಿಸಿಕೊಂಡು ಯಾಕೆ ಓದುತ್ತೀರಿ ಅಂತ ಕೇಳಿದರು. ಪ್ರಶ್ನೆಪತ್ರಿಕೆ ತುಂಬಿ ಕೊಟ್ಟವರು 42 ಜನ. ಆ ಹೆಂಗಸರು ಪೆದ್ದರಲ್ಲ, ಯಾವ ನಾಯಕ ಬೇಕು ಯಾವನು ಬೇಡ ಅಂತ ಚೆನ್ನಾಗಿ ಗೊತ್ತಿದ್ದವರು. ದಿನವಿಡೀ ಎಲ್ಲರ ಚಾಕರಿ ಮಾಡುವ ಮನೆಯಲ್ಲಿ ಓದುವ ಹೊತ್ತು ಒಂದೇ ತಮ್ಮದು ಅಂದಿದ್ದರು. ಅದು ನನಗೂ ಗೊತ್ತು. ಆದರೆ ರ‍್ಯಾಡ್‌ವೇ ಹೇಳುವ ಇನ್ನೊಂದು ಮಾತು ನೇರ ನನಗೇ ತಾಗಿತು. ಗಂಡಸಿನ ಒರಟುತನವನ್ನು ತಿರುಗಿಸಿ, ಅದರೊಳಗೆ ಅಡಗಿದ ಪ್ರೀತಿ ಇದೆ ಅಂತ ಓದುವ ಅಭ್ಯಾಸವನ್ನು ಈ ಕಥೆಗಳು ಮಾಡಿಸುತ್ತವೆ ಅಂತ. ಆ ಅಭ್ಯಾಸ ನನಗೆ ಎಷ್ಟು ಚೆನ್ನಾಗಿ ಆಗಿತ್ತು ಅಂದರೆ ಬಸ್‌ಸ್ಟ್ಯಾಂಡನ್ನೂ ಹಾಗೇ ಓದಿದೆ.

ಹಾಗಂತ ಬಿಟ್ಟೆನಾ? ಇಲ್ಲ. ಎರಡು ವರ್ಷ ಬಿಟ್ಟಿದ್ದೆ, ಆಮೇಲೆ ಮತ್ತೆ ಹಿಡಿದೆ. ನನ್ನ ಗಂಡನಿಗೆ ಸಿಟ್ಟು ಬಂದರೆ ಮಾತು ಬಿಟ್ಟು ಹೊರಗೆ ಹೋಗಿ ಸ್ಕೂಟರ್ ತೊಳೆಯುತ್ತಾರೆ. ನಮ್ಮ ಸ್ಕೂಟರ್ ಬಹಳ ಕ್ಲೀನಾಗಿದೆ. ಇಂಥ ಮನೆಯಲ್ಲಿ ವಾರಕ್ಕೊಬ್ಬ ಡ್ಯೂಕ್ ಬಂದು ಅರಚಿ ಹೋದರೆ ತೊಂದರೆ ಇಲ್ಲ. ಓದುವ ಬಗೆ ಮಾತ್ರ ಬದಲಾಗಿದೆ. ಅವನು ಮಣಿಕಟ್ಟು ಹಿಡಿದ ಕೂಡಲೇ ನಾನು ಕೋಣೆಯ ಬಾಗಿಲು ಎಲ್ಲಿದೆ ಅಂತ ಹುಡುಕುತ್ತೇನೆ. ಅವಳ ಹತ್ತಿರ ದುಡ್ಡಿದೆಯಾ, ಅಕ್ಕತಂಗಿಯರಿದ್ದಾರಾ, ರಾತ್ರಿ ಹೊರಡುವ ಗಾಡಿ ಇದೆಯಾ. ಈಚಿನ ಲೇಖಕಿಯರಲ್ಲಿ ಕೆಲವರು ಇದನ್ನೆಲ್ಲ ಮೊದಲೇ ಬರೆದಿಟ್ಟಿರುತ್ತಾರೆ. ನಾಯಕಿಗೆ ಸ್ವಂತ ಅಂಗಡಿಯೋ ಪ್ರೆಸ್ಸೋ ಇರುತ್ತದೆ. ನಾಯಕ ಕೇಳಿಯೇ ಮುಟ್ಟುತ್ತಾನೆ. ಸಿಟ್ಟು ಬಂದರೂ ಅವಳ ದಾರಿಗೆ ಅಡ್ಡ ನಿಲ್ಲುವುದಿಲ್ಲ. ಸ್ವಲ್ಪ ಸಪ್ಪೆ ಅನ್ನಿಸುತ್ತದೆ ಒಮ್ಮೊಮ್ಮೆ, ಒಪ್ಪುತ್ತೇನೆ. ಚಿಟ್ಟಾಣಿಯವರ ಕೀಚಕನನ್ನು ನೋಡಿ ಬೆಳೆದ ನಾಲಿಗೆ ಇದು, ಖಾರ ಕೇಳುತ್ತದೆ.

ಮಿರ್ಜಾನ್ ಕೋಟೆಯ ಮುಂದೆ ಹಾದುಹೋಗುವಾಗಲೆಲ್ಲ ಒಂದು ತಮಾಷೆ ಹೊಳೆಯುತ್ತದೆ. ಹದಿನಾರನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಅರ್ಧ ಶತಮಾನದಷ್ಟು ಕಾಲ ಈ ಕರಾವಳಿ ಆಳಿದಳು. ಕಾಳುಮೆಣಸಿನ ವ್ಯಾಪಾರ ಅವಳ ಕೈಯಲ್ಲಿತ್ತು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಕನ್ನಡದಲ್ಲಿ ಅವಳ ಮೇಲೆ ಕಾದಂಬರಿ ಬಂದಿದೆ. ನಾನು ಓದುವ ಬಗೆಯ ಕಾದಂಬರಿಯೊಳಗೆ ಅವಳನ್ನು ಇಟ್ಟು ನೋಡುತ್ತೇನೆ. ಡ್ಯೂಕ್ ಹಡಗಿನಿಂದಿಳಿದು, ದವಡೆ ಬಿಗಿದು, ನೀನು ನನ್ನವಳು ಅನ್ನುತ್ತಾನೆ. ಅವಳು ಮೆಣಸಿನ ಲೆಕ್ಕದ ಕಡತದಿಂದ ತಲೆ ಎತ್ತದೆ, ಎಷ್ಟು ಖಂಡಿ ಬೇಕು, ದುಡ್ಡು ತಂದಿದ್ದೀಯಾ ಅಂತ ಕೇಳುತ್ತಾಳೆ. ಎರಡನೇ ಪುಟಕ್ಕೇ ಕಥೆ ಮುಗಿಯಿತು.

ದೇವಿಮನೆ ಘಟ್ಟಕ್ಕೆ ವಾಪಸು ಬರುತ್ತೇನೆ. ಮರ ಕಡಿದು ಸರಿಸುವ ತನಕ ನೂರಿಪ್ಪತ್ತು ಪುಟ ಓದಿಯಾಗಿತ್ತು. ಈ ಡ್ಯೂಕನೂ ಗ್ಲಾಸು ಎಸೆದ, ನಾನು ನಿರೀಕ್ಷೆ ಮಾಡಿದ ಪುಟಕ್ಕೆ ಸರಿಯಾಗಿ. ಎಸೆದು ಬೆನ್ನು ತಿರುಗಿಸಿ ನಿಂತ. ಒಬ್ಬಳು ಕೆಲಸದ ಹುಡುಗಿ ಪೊರಕೆ ಹಿಡಿದು ಬಾಗಿಲಿಗೆ ಬಂದಳು, ಹೆದರಿ ಅಲ್ಲೇ ನಿಂತಳು. ಅವನು ತಿರುಗಿ ಅವಳನ್ನು ನೋಡಿದ. ಅವಳ ಕೈಯಿಂದ ಪೊರಕೆ ತೆಗೆದುಕೊಂಡು ತಾನೇ ಕೂತು ಗುಡಿಸಿದ. ಸರಿಯಾಗಿ ಗುಡಿಸಲು ಬರಲಿಲ್ಲ, ಬೆರಳು ಕೊಯ್ದುಕೊಂಡ. ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದವರು ಎದ್ದು "ಏನಾಯ್ತು, ಗುಂಡಿ ಹಾಕ್ಕೊಂಡ್ನಾ?" ಅಂದರು.

ಹೇಳಲು ಅಮ್ಮಮ್ಮ ಇಲ್ಲ, ಹೋಗಿ ಹನ್ನೊಂದು ವರ್ಷವಾಯಿತು. ಆ ಪುಟದ ಫೋಟೋ ತೆಗೆದು ಗೆಳತಿಗೆ ಕಳಿಸಿದೆ. ರಾಗಿಹೊಸಳ್ಳಿಗೆ ಬಂದ ಮೇಲೆ ನೆಟ್‌ವರ್ಕ್ ಸಿಕ್ಕಿ ಅದು ಹೋಯಿತು. ಎರಡೇ ನಿಮಿಷಕ್ಕೆ ಉತ್ತರ ಬಂತು.

"ಮೂಲೆ ಗುಡಿಸಿಲ್ಲ ನೋಡು ಅವ್ನು. ಇರ್ಲಿ, ಮುಗಿದ ಮೇಲೆ ನಂಗೆ ಕೊಡು."